ದಿಕ್ಕಿಲ್ಲದವರಿಗೂ ಒಂದು ಎಲೆ

2024ರ ಆಗಸ್ಟ್ 18, ಭಾನುವಾರ ಸಂಜೆ. ಸಿಂಗಪುರದ ನಮ್ಮ ಫ್ಲ್ಯಾಟಿನ ಕೆಳಗೆ ಹೊಗೆ ಏಳುತ್ತಿತ್ತು. ಪಕ್ಕದ ಮನೆಯ, ಹೊಕ್ಕಿಯನ್ ಅನ್ನೋ ಚೀನೀ ನುಡಿಯಾಡುವ ಆಂಟಿ ಹುಲ್ಲಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಎದುರಿಗೆ ಅನ್ನ, ಕಿತ್ತಳೆ, ನೆತ್ತಿ ಬಿರಿದ ಗುಲಾಬಿ ಬಣ್ಣದ ಕಡುಬು, ಪುಟ್ಟ ಲೋಟಗಳಲ್ಲಿ ಚಹಾ. ಊದುಬತ್ತಿಗಳನ್ನು ಮಣ್ಣಿಗೇ ಚುಚ್ಚಿದ್ದರು.

ಅಪ್ಪ ಹೋಗಿ ಆಗ ಒಂದೂವರೆ ವರ್ಷ. ಎಡೆ ಕಂಡರೆ ಸಾಕು, ನನಗೆ ಕಾಲು ಮುಂದಕ್ಕೆ ಹೋಗುತ್ತಿರಲಿಲ್ಲ.

"ಅಂಕಲ್‌ಗಾ ಇದು?" ಅಂತ ಕೇಳಿದೆ.

"ಅವರಿಗೆ ಮಧ್ಯಾಹ್ನವೇ ಮನೆಯಲ್ಲಿ ಬಡಿಸಿದೆ. ಇದು ಯಾರೂ ಇಲ್ಲದವರಿಗೆ."

ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ಪಾತಾಳದ ಬಾಗಿಲು ತೆರೆಯುತ್ತದೆ, ಸತ್ತವರು ಹೊರಗೆ ಬರುತ್ತಾರೆ ಅನ್ನೋದು ನಂಬಿಕೆ. ಅದರ ಹದಿನೈದನೇ ದಿನ ತಾವೋ ಮತದವರ ಚುಂಗ್‌ಯುವಾನ್ ಹಬ್ಬ. ಅವರಲ್ಲಿ ಆಕಾಶ, ಭೂಮಿ, ನೀರು ಅಂತ ಮೂವರು ಅಧಿಕಾರಿ ದೇವರುಗಳಿದ್ದಾರೆ. ಆಕಾಶದವನು ಹರಸುತ್ತಾನೆ, ಭೂಮಿಯವನು ಪಾಪ ಮನ್ನಿಸುತ್ತಾನೆ, ನೀರಿನವನು ಕಷ್ಟ ಕಳೆಯುತ್ತಾನೆ. ಆವತ್ತು ಭೂಮಿಯವನ ಹುಟ್ಟುಹಬ್ಬ. ಮನ್ನಿಸುವ ದೇವರ ದಿನವೇ ಹಸಿದವರಿಗೂ ಊಟ. ಎಷ್ಟು ಚೆಂದ ಅಲ್ವಾ?

ಆಂಟಿ ಒಮ್ಮೆಯೂ ಪ್ರೇತ ಅನ್ನಲಿಲ್ಲ. "ಹೋ ಹಿಯಾ ತಿ" ಅಂದರು. ಒಳ್ಳೆಯ ಅಣ್ಣತಮ್ಮಂದಿರು ಅಂತ ಅರ್ಥ. ರಾತ್ರಿ ಹೊತ್ತು ಹಾವು ಅನ್ನಬಾರದು, ಹುಳ ಅನ್ನು ಅಂತ ನಮ್ಮಜ್ಜಿ ಗದರುತ್ತಿದ್ದರು. ಅದರಲ್ಲಿ ಬರೀ ಹೆದರಿಕೆ ಇತ್ತು. ಇಲ್ಲಿ ಹೆದರಿಕೆಯ ಜೊತೆ ನಂಟೂ ಇದೆ. ಈ ತಿಂಗಳು ಬಯಲಲ್ಲಿ ನಡೆಯುವ ಗೇತಾಯ್ ಹಾಡಿನ ಕಾರ್ಯಕ್ರಮಗಳಲ್ಲೂ ಮೊದಲ ಸಾಲಿನ ಕುರ್ಚಿಗಳನ್ನು ಅವರಿಗಾಗಿಯೇ ಖಾಲಿ ಬಿಟ್ಟಿರುತ್ತಾರೆ.

ನನ್ನ ಕೈಗೂ ಒಂದು ಕಟ್ಟು ಕಾಗದ ಕೊಟ್ಟರು. ಒರಟು ಕಾಗದ, ನಡುವೆ ಬೆಳ್ಳಿ ಬಣ್ಣದ ರೇಕು. ಸುಟ್ಟರೆ ಅದು ಆಚೆ ಲೋಕದಲ್ಲಿ ದುಡ್ಡಾಗುತ್ತದಂತೆ. ಚಿನ್ನದ ಬಣ್ಣದ್ದು ದೇವರಿಗಂತೆ, ಬೆಳ್ಳಿಯದು ಸತ್ತವರಿಗೆ. ಕಟ್ಟನ್ನು ಹಾಗೇ ಹಾಕಿದರೆ ಒಳಗಿನದು ಸುಡದೆ ಉಳಿಯುತ್ತದೆ. ಒಂದೊಂದೇ ಬಿಡಿಸಿ ಬೆಂಕಿಗೆ ಹಾಕಬೇಕು. ಹಾಕುತ್ತಾ ಹಾಕುತ್ತಾ ಬೆರಳ ತುದಿಯೆಲ್ಲಾ ಬೆಳ್ಳಿಯಾಯಿತು. ಚೆನ್ನಾಗಿ ಉರಿಯಲಿ ಅಂತ ಕಡ್ಡಿಯಿಂದ ಕೆದಕಲು ಹೋದೆ. ಆಂಟಿ ಕೈ ಹಿಡಿದುಬಿಟ್ಟರು.

"ಕೆದಕಬೇಡಮ್ಮ, ದುಡ್ಡು ಹರಿದುಹೋಗುತ್ತೆ. ಹರಿದ ನೋಟು ಹಿಡ್ಕೊಂಡು ಅವರು ಎಲ್ಲಿಗೆ ಹೋಗ್ತಾರೆ?"

ಕಡ್ಡಿ ಕೆಳಗಿಟ್ಟೆ. ಆ ಮಾತು ಕೇಳಿ ಕಣ್ಣು ತುಂಬಿ ಬಂತು. ಹೆಸರೇ ಗೊತ್ತಿಲ್ಲದ ಯಾರದೋ ನೋಟು ಹರಿಯಬಾರದು ಅಂತ ಇಷ್ಟು ಕಾಳಜಿ.

ಊದುಬತ್ತಿ ಪೂರ್ತಿ ಉರಿಯೋವರೆಗೆ ಆಂಟಿ ಏಳಲಿಲ್ಲ. ಆ ಅಣ್ಣತಮ್ಮಂದಿರ ಊಟ ಮುಗಿಯಬೇಕಲ್ಲ. ನಾನೂ ಸುಮ್ನೆ ಪಕ್ಕದಲ್ಲಿ ಕೂತಿದ್ದೆ.

ಅಕ್ಟೋಬರ್ 2ಕ್ಕೆ ಮಹಾಲಯ ಅಮಾವಾಸ್ಯೆ ಬಂತು. ಅಪ್ಪನಿಗೆ ಎಡೆ ಇಟ್ಟು, ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದೆ. ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ ಅಮ್ಮ, "ಅದ್ಯಾರಿಗೇ?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದಕ್ಕೂ ವಡೆ ಬಡಿಸಿದೀಯ ತಾನೇ?" ಅಂದರು.