ಆಲದ ಮರಕ್ಕೆ ಕಟ್ಟಿದ ಚೀಲ

ಡಿಸೆಂಬರ್ ಚಳಿ. ಬೆಳಗಿನ ಜಾವ ಅಮ್ಮ ಹಿತ್ತಲಿಂದ ಕೂಗಿದರು. ಓಡಿಹೋಗಿ ನೋಡಿದರೆ ನಮ್ಮ ಗೌರಿ ಕಂದು ಹಾಕಿತ್ತು. ಏಳು ತಿಂಗಳ ಗಬ್ಬ. ಮೈತುಂಬ ಕೂದಲೂ ಬಂದಿರದ ಹೆಣ್ಣು ಕರು ಹುಲ್ಲಿನ ಮೇಲೆ ಬಿದ್ದಿತ್ತು. ಗೌರಿ ಅದನ್ನು ನೆಕ್ಕುತ್ತಲೇ ಇತ್ತು.

ನಮ್ಮ ಮನೆ ಹಾಸನದ ಸಾಲಗಾಮೆ ರಸ್ತೆಯಿಂದ ಸ್ವಲ್ಪ ಒಳಗೆ. ಸುತ್ತಲೂ ಮನೆಗಳೆದ್ದರೂ ಅಮ್ಮ ಎರಡು ಹಸು ಬಿಟ್ಟಿರಲಿಲ್ಲ. ಹಗಲು ಖಾಲಿ ಸೈಟುಗಳಲ್ಲಿ ಮೇಯುತ್ತಿದ್ದವು. ಅಕ್ಕಪಕ್ಕದ ಬೀದಿಯ ಹಸುಗಳೂ ಅಲ್ಲಿಗೇ ಬರುತ್ತಿದ್ದವು. ಬೆಳಗ್ಗೆ ಆರು ಮನೆಗೆ ನಮ್ಮದೇ ಹಾಲು.

ಮಧ್ಯಾಹ್ನವಾದರೂ ಕರುವಿನ ಹಿಂದೆ ಬೀಳಬೇಕಾದ ಮಾಸು ಬೀಳಲಿಲ್ಲ. ಅಮ್ಮ ಬರಿಗೈಯಲ್ಲೇ ಬಿಡಿಸಿ ತೆಗೆದರು. ಹುಲ್ಲು ಕೊಯ್ದು ಅವರ ಬೆರಳ ತುಂಬ ಗೀರುಗಳಿದ್ದವು. ಹಸು ಈದಾಗ ಮಾಸನ್ನು ಚೀಲದಲ್ಲಿ ಕಟ್ಟಿ ಆಲದ ಮರಕ್ಕೆ ನೇತುಹಾಕುವುದು ನಮ್ಮ ಕಡೆಯ ರೂಢಿ. ಹಾಲು ಸುರಿಯುವ ಮರ, ಹಸುವಿಗೂ ಹಾಲು ಜಾಸ್ತಿಯಾಗಲಿ ಅಂತ. "ಕರುವಂತೂ ಹೋಯ್ತು, ಹಾಲಾದ್ರೂ ಬರ್ಲಿ" ಎಂದರು ಅಮ್ಮ. ಚೀಲ ಕಟ್ಟಿ ಬಂದವನು ನಾನೇ.

ಸಂಜೆ ಪಶುವೈದ್ಯರು ಬಂದರು. ಮೊದಲ ಪ್ರಶ್ನೆಯೇ, "ಯಾರು ಮುಟ್ಟಿದ್ರಿ? ಗ್ಲೌಸ್ ಹಾಕಿದ್ರಾ?" ಗಬ್ಬದ ಕೊನೆಯ ತಿಂಗಳುಗಳಲ್ಲಿ ಹೀಗೆ ಕರು ಬಿದ್ದರೆ ಮೊದಲು ಕಂದು ರೋಗದ ಅನುಮಾನ ಪಡಬೇಕು ಎಂದರು. ಬ್ರುಸೆಲ್ಲೋಸಿಸ್. ಬಿದ್ದ ಕರು, ಮಾಸು, ಸೋರುವ ನೀರು, ಎಲ್ಲದರಲ್ಲೂ ಆ ರೋಗಾಣು ತುಂಬಿರುತ್ತದಂತೆ. ಗಾಯದ ಚರ್ಮದಿಂದಲೂ ಮನುಷ್ಯರ ಮೈಗೆ ಇಳಿಯುತ್ತದಂತೆ. ನಾನು ಕೈಗವಸು ಹಾಕಿಕೊಂಡು ಮರದ ಹತ್ತಿರ ಓಡಿದೆ. ಚೀಲದ ತಳ ಹರಿದಿತ್ತು. ಕೆಳಗೆ ನಾಯಿಗಳು. ಸಿಕ್ಕಿದ್ದನ್ನೆಲ್ಲ ತಂದು, ಕರುವಿನ ಜೊತೆ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತೆ.

ಗೌರಿಯ ರಕ್ತ ಪರೀಕ್ಷೆಯನ್ನು ನನ್ನ ಕಣ್ಣಮುಂದೆಯೇ ಮಾಡಿದರು. ರಕ್ತದಿಂದ ಬೇರೆ ಮಾಡಿದ ಸೀರಂ ಒಂದು ಹನಿ, ಗುಲಾಬಿ ಬಣ್ಣದ ದ್ರಾವಣ ಒಂದು ಹನಿ. ಬೆರೆಸಿ, ಮೆಲ್ಲಗೆ ಅಲ್ಲಾಡಿಸುತ್ತಾ ನಾಲ್ಕು ನಿಮಿಷ ಕಾಯಬೇಕು. ಅಷ್ಟೂ ಬೇಕಾಗಲಿಲ್ಲ. ಹಾಲು ಒಡೆದ ಹಾಗೆ ಅದು ಕಾಳು ಕಾಳಾಯಿತು, ಅಂದರೆ ರೋಗ ಇದೆ ಅಂತ. ಇನ್ನೊಂದು ಹಸುವಿನದು ಹಾಗಾಗಲಿಲ್ಲ.

ಜನವರಿಯಲ್ಲಿ ಅಮ್ಮನಿಗೆ ಜ್ವರ ಶುರುವಾಯಿತು. ಸಂಜೆ ಏರುವುದು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರುವುದು. ಬೆಳಗ್ಗೆ ಏನೂ ಇಲ್ಲ. ಸೊಂಟ ಹಿಡಿದುಕೊಂಡು ಏಳಲಾಗದ ಸ್ಥಿತಿ. ಒಂದು ಕ್ಲಿನಿಕ್ಕಿನಲ್ಲಿ ಟೈಫಾಯ್ಡ್ ಎಂದು ಮಾತ್ರೆ ಕೊಟ್ಟರು. ಮೂರು ವಾರ ಕಳೆಯಿತು. ಮನೆಯಲ್ಲಿ ಹಸು ಇದೆಯಾ ಅಂತ ಅವರು ಕೇಳಲಿಲ್ಲ. ನಾನಾದರೂ ಹೇಳಬೇಕಿತ್ತು, ಅಲ್ವಾ? ಹೇಳಲಿಲ್ಲ. ಅದು ಇವತ್ತಿಗೂ ನೋಯುತ್ತದೆ. ಕೊನೆಗೆ ಬೇರೆ ಡಾಕ್ಟರ ಮುಂದೆ ಗೌರಿಯ ಕತೆ ಹೇಳಿದೆ. ಕಂದು ರೋಗದ ಪರೀಕ್ಷೆ ಬರೆದರು, ಕಾಯಿಲೆ ಸಿಕ್ಕಿತು. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್, ಪೂರ್ತಿ 6 ವಾರ. ಮಾತ್ರೆಯಿಂದ ಮೂತ್ರ ಕೆಂಪಗಾದಾಗ ಅಮ್ಮ ಹೆದರಿ ಅತ್ತರು. ಜ್ವರ ಬಿಟ್ಟ ಮೇಲೂ ಒಂದು ದಿನವೂ ತಪ್ಪಿಸಬೇಡಿ, ಮಧ್ಯದಲ್ಲಿ ಬಿಟ್ಟರೆ ಮತ್ತೆ ಬರುತ್ತದೆ ಎಂದಿದ್ದರು ಡಾಕ್ಟರು.

ಅದಕ್ಕಿಂತ ಕಷ್ಟವಾಗಿದ್ದು ಆರು ಮನೆಗೆ ಹೋಗಿ ಹೇಳುವುದು. ಹಸುವಿನ ಪರೀಕ್ಷೆಯಾದ ದಿನವೇ ಹೊರಟಿದ್ದೆ. ಕಾಯಿಸಿದ ಹಾಲಿನಿಂದ ಭಯವಿಲ್ಲ, ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತದೆ. ಐದು ಮನೆಯವರು ಕಾಯಿಸಿಯೇ ಕುಡಿಯುತ್ತಿದ್ದರು. ಆರನೇ ಮನೆಯ ಅಜ್ಜಿ ಮೊಮ್ಮಗನಿಗೆ ನೊರೆಹಾಲು ಕೊಡುತ್ತಿದ್ದರು, ಶಕ್ತಿ ಬರಲಿ ಅಂತ. ಗೌರಿ ಹಾಲು ಬತ್ತಿಸುವವರೆಗೂ ಆ ಮಗು ಕುಡಿದಿತ್ತು. ಅಜ್ಜಿ ನನ್ನ ಮುಖವನ್ನೇ ನೋಡುತ್ತಾ ಕುಳಿತುಬಿಟ್ಟರು. ಮಗುವಿನ ರಕ್ತ ಪರೀಕ್ಷೆ ಮಾಡಿಸಿದೆವು. ಏನೂ ಇರಲಿಲ್ಲ. ರಿಪೋರ್ಟು ಬರುವವರೆಗೆ ನನಗೆ ಊಟ ಸೇರಿರಲಿಲ್ಲ.

"ಸುಮ್ನೆ ಸಂತೆಗೆ ಹೊಡ್ದುಬಿಡು, ನೋಡೋಕೆ ಚೆನ್ನಾಗೇ ಇದೆ" ಎಂದವರು ಬಹಳ ಮಂದಿ. ನಿಜ, ನೋಡಲು ಏನೂ ಗೊತ್ತಾಗುವುದಿಲ್ಲ. ಮುಂದಿನ ಗಬ್ಬ ದಿನ ತುಂಬಿ ಸರಿಯಾಗಿ ಈಯಲೂಬಹುದು. ಆದರೂ ಹಾಲಿನಲ್ಲಿ, ಮಾಸಿನಲ್ಲಿ ರೋಗ ಹೊರಬರುತ್ತಲೇ ಇರುತ್ತದೆ. ಗೌರಿಯನ್ನು ನಾವೂ ಸಂತೆಯಲ್ಲೇ ಕೊಂಡಿದ್ದು. ಅಮ್ಮ ಒಪ್ಪಲಿಲ್ಲ. "ಇನ್ನೊಂದು ಮನೆ ಹೆಂಗಸು ಹೀಗೆ ನರಳೋದು ಬೇಡ" ಎಂದರು. ಗೌರಿಗೆ ಬೇರೆ ಕೊಟ್ಟಿಗೆ ಕಟ್ಟಿದೆವು. ಮತ್ತೆ ಗಬ್ಬ ಕಟ್ಟಿಸಲಿಲ್ಲ. ಹಾಲು ಕೊಡದ ಹಸುವಿಗೆ ಹಿಂಡಿ ಹಾಕುವುದು ನಮ್ಮಂಥವರಿಗೆ ಸಣ್ಣ ಮಾತಲ್ಲ.

ಇನ್ನೊಂದು ಹಸು ಆಮೇಲೆ ಹೆಣ್ಣು ಕರು ಹಾಕಿತು. ಐದು ತಿಂಗಳಾದಾಗ ಕಂದು ರೋಗದ ಲಸಿಕೆ ಹಾಕಿಸಿದೆ. 4ರಿಂದ 8 ತಿಂಗಳೊಳಗಿನ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನಕ್ಕೆ ಒಂದೇ ಸಲ. 2019ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ ಅದು ಉಚಿತ. ಗೌರಿ ಕರುವಾಗಿದ್ದಾಗ ಯಾರಾದರೂ ಹಾಕಿಸಿದ್ದರೆ ಎಂದು ಆವತ್ತು ಬಹಳ ಅನ್ನಿಸಿತು.

ಮೊನ್ನೆ ಆಲದ ಮರದ ಕೆಳಗೆ ಬರುತ್ತಿದ್ದೆ. ಹೊಸ ಚೀಲವೊಂದು ನೇತಾಡುತ್ತಿತ್ತು, ತಳದಿಂದ ಹನಿ ತೊಟ್ಟಿಕ್ಕುತ್ತಿತ್ತು. ಗಾಡಿ ನಿಲ್ಲಿಸಿ, ಯಾರ ಮನೆಯ ಹಸು ಈದಿದೆ ಎಂದು ಮೊದಲ ಬಾಗಿಲು ತಟ್ಟಿದೆ.