ನೊಣ ಸಾಕಿ ಎಂತ ಸಿಗ್ತದೆ ಮಾರಾಯ್ರೆ?

ಉಡುಪಿಯಲ್ಲಿ ಯಾವ ಮದುವೆ ಊಟಕ್ಕೆ ಕೂತರೂ ಸಾರು ಬರುವಷ್ಟರಲ್ಲಿ ಪಕ್ಕದ ಎಲೆಯವರು ಕೇಳಿಯೇ ಕೇಳುತ್ತಾರೆ: "ನೀವು ಕಾಲೇಜಿನಲ್ಲಿ ನೊಣ ಸಾಕ್ತೀರಂತೆ. ಅದ್ರಿಂದ ಎಂತ ಸಿಗ್ತದೆ?"

ಹೌದು, ಸಾಕುತ್ತೇನೆ. ಹಲಸಿನ ಹಣ್ಣು ಬಿಡಿಸಿದ ಕೂಡಲೇ ಎಲ್ಲಿಂದಲೋ ಬಂದು ಮುತ್ತುವ ಕೆಂಪು ಕಣ್ಣಿನ ಪುಟಾಣಿ, ಡ್ರೊಸೊಫಿಲಾ. ಅದಕ್ಕೆ ರವೆ, ಬೆಲ್ಲ, ಹೆಪ್ಪುಗಟ್ಟಿಸುವ ಅಗರ್ ಕಾಯಿಸಿ ಬಾಟಲಿಗೆ ಹೊಯ್ಯುವ ದಿನ ನಮ್ಮ ಅಟೆಂಡರ್ "ಶೀರ ಆಯ್ತಾ ಸರ್?" ಎಂದು ಇಣುಕುತ್ತಾರೆ.

ಕೇಳಿದವರಿಗೆ ನಾನು ಜೀವವಿಜ್ಞಾನಿ ಒಬೈದ್ ಸಿದ್ದಿಕಿಯವರ ಕಥೆ ಹೇಳುತ್ತೇನೆ. 1932ರಲ್ಲಿ ಈಗಿನ ಉತ್ತರ ಪ್ರದೇಶದ ಬಸ್ತಿಯಲ್ಲಿ ಹುಟ್ಟಿದವರು. ಅಲಿಗಢದಲ್ಲಿ ಓದು, ಗ್ಲಾಸ್ಗೋದಲ್ಲಿ ಪಿಎಚ್‌ಡಿ. 1962ರಲ್ಲಿ ಹೋಮಿ ಭಾಭಾ ಕರೆಸಿಕೊಂಡು, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯಾಲಜಿ (ಅಣುಮಟ್ಟದ ಜೀವವಿಜ್ಞಾನ) ವಿಭಾಗ ಕಟ್ಟಲು ಹೇಳಿದರು. ಅವರು ಅಧ್ಯಯನಕ್ಕೆ ಹಿಡಿದದ್ದು ಮೊದಲು ಬೂಸ್ಟು, ಆಮೇಲೆ ಬ್ಯಾಕ್ಟೀರಿಯಾ. ನೊಣದ ಕಡೆ ತಿರುಗುವಾಗ ವಯಸ್ಸು ನಲವತ್ತರ ಆಸುಪಾಸು.

ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿ ಸೀಮರ್ ಬೆಂಜರ್ ಜೊತೆ ಅವರು ನೋಡಿದ್ದು ವಿಚಿತ್ರ ನೊಣಗಳನ್ನು. ಬಿಸಿ ಏರಿದರೆ ಮಗುಚಿ ಬೀಳುತ್ತವೆ, ತಂಪಾದರೆ ಏನೂ ಆಗದ ಹಾಗೆ ಎದ್ದು ಹೋಗುತ್ತವೆ. (ಮೇ ತಿಂಗಳ ಮಂಗಳೂರಿನಲ್ಲಿ ನಾವೂ ಹಾಗೆಯೇ.) ಬಿದ್ದ ಹೊತ್ತಿನಲ್ಲಿ ನರದ ವಿದ್ಯುತ್ ಸಂಕೇತ ಎಲ್ಲಿ ಕೈಕೊಡುತ್ತದೆಂದು ಇಬ್ಬರೂ ಅಳೆದು 1976ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದು ನೊಣದಲ್ಲಿ ಕೆಟ್ಟಿದ್ದ ಜೀನಿನ ಹೆಸರು 'ಪ್ಯಾರಾ'. ಸೋಡಿಯಂ ನರದೊಳಗೆ ನುಗ್ಗುವ ಬಾಗಿಲನ್ನು ತಯಾರಿಸುವುದು ಅದೇ ಜೀನ್ ಎಂದು ಮುಂದೆ ತಿಳಿಯಿತು. ಸಂಜೆ ನಾವು ಹಚ್ಚುವ ಸೊಳ್ಳೆಬತ್ತಿಯ ಮದ್ದು ಸೊಳ್ಳೆಯ ನರದಲ್ಲಿ ಹಿಡಿದುಕೊಳ್ಳುವುದೂ ಇದೇ ಬಾಗಿಲನ್ನು. ಮಲೇರಿಯಾ ಕಂಡ ಊರಿನವರಿಗೆ ಇಷ್ಟು ಸಾಕು. ತಲೆಯಾಡಿಸುತ್ತಾರೆ, ಅಷ್ಟರಲ್ಲಿ ಪಾಯಸ ಬರುತ್ತದೆ.

ಆದರೆ ಇದು ಅವರ ಸಮಾಧಾನಕ್ಕೆ ಕೊಡುವ ಉತ್ತರ. ಸಿದ್ದಿಕಿ ಸೊಳ್ಳೆ ಓಡಿಸಲು ಹೊರಟವರಲ್ಲ. ಅವರು ಮುಂದೆ ಹಿಡಿದದ್ದು ಇನ್ನೂ 'ಪ್ರಯೋಜನವಿಲ್ಲದ' ಪ್ರಶ್ನೆ: ನೊಣಕ್ಕೆ ವಾಸನೆ ಹೇಗೆ ಗೊತ್ತಾಗುತ್ತದೆ? ವೈ ಆಕಾರದ ಗಾಜಿನ ಕೊಳವೆ, ಒಂದು ಕವಲಿನಲ್ಲಿ ವಾಸನೆ, ಇನ್ನೊಂದರಲ್ಲಿ ಬರೀ ಗಾಳಿ. ಸಾವಿರ ನೊಣ ಒಂದು ಕಡೆ ಹೋಗುವಾಗ ದಾರಿ ತಪ್ಪುವ ನಾಲ್ಕನ್ನು ಹೆಕ್ಕಿ, ಅವುಗಳ ಸಂತಾನ ಬೆಳೆಸಿ, ಯಾವ ಜೀನ್ ಕೆಟ್ಟಿದೆಯೆಂದು ಹುಡುಕುವುದು. ಈ ಕೆಲಸದಲ್ಲಿ ಅವರ ಜೊತೆಗಿದ್ದ ವಿದ್ಯಾರ್ಥಿನಿ ವೆರೋನಿಕಾ ರೊಡ್ರಿಗಸ್. ಹೆಸರು ಕೇಳಿದ್ದೇ ಮಂಗಳೂರಿನವರು "ನಮ್ಮ ಕಡೆಯವರಾ?" ಎನ್ನುತ್ತಾರೆ. ಅಲ್ಲ, ಗೋವಾ ಮೂಲದವರು, ಹುಟ್ಟಿದ್ದು ಕೀನ್ಯಾದಲ್ಲಿ. ಡಬ್ಲಿನ್‌ನಲ್ಲಿ ಓದುವಾಗ ಸಿದ್ದಿಕಿಯವರ ಲೇಖನ ನೋಡಿ ಮುಂಬೈಗೆ ಬಂದವರು.

ಸಿದ್ದಿಕಿ ಆಮೇಲೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಮೊದಲ ನಿರ್ದೇಶಕರಾದರು. ಕುರ್ಚಿ ಬಿಟ್ಟರೂ ನೊಣ ಬಿಡಲಿಲ್ಲ. 2013ರ ಜುಲೈಯಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು ತೀರಿಕೊಂಡಾಗ ಅವರಿಗೆ 81.

ನಮ್ಮ ಅಕ್ಕನ ಹತ್ತಿರ ಮಾತ್ರ ಈ ಕಥೆ ನಡೆಯುವುದಿಲ್ಲ. "ನಿನ್ನ ನೊಣಕ್ಕೆ ಅಷ್ಟು ಮೂಗು ಉಂಟಾದ್ರೆ ನನ್ನ ಅಡುಗೆಮನೆಯಿಂದ ಓಡಿಸು ನೋಡುವ" ಎಂದಳು. ಲೋಟಕ್ಕೆ ಸ್ವಲ್ಪ ವಿನೆಗರ್, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಹಲಸಿನ ಪಕ್ಕ ಇಟ್ಟೆ. ಬೆಳಿಗ್ಗೆ ಇಪ್ಪತ್ತಮೂರು ಬಿದ್ದಿದ್ದವು. ಎಣಿಸಿದ್ದು ನಾನೊಬ್ಬನೇ.