ಅಡಿಕೆಯನ್ನು ಯಾವ ಹೆಸರಿನಡಿ ಹುಡುಕಬೇಕು?

ನಾನು ಗ್ರಂಥಪಾಲಕನಾಗಿದ್ದ ವೈದ್ಯಕೀಯ ಕಾಲೇಜಿಗೆ 1990ರ ದಶಕದ ನಡುವೆ ಮೊದಲ ಸಿ.ಡಿ. ರಾಮ್ ಕಂಪ್ಯೂಟರು ಬಂದಾಗ, ಅದರ ಮೇಜಿನ ಕಾಲಿಗೆ ದಾರ ಕಟ್ಟಿ ಇನ್ನೂರು ಪುಟದ ನೋಟ್‌ಬುಕ್ಕೊಂದನ್ನು ಇಟ್ಟಿದ್ದೆ. ವೈದ್ಯಕೀಯ ಲೇಖನಗಳ ಸೂಚಿಯಾದ ಮೆಡ್‌ಲೈನಿನಲ್ಲಿ ಹುಡುಕಲು ಬಂದವರು ಕುರ್ಚಿಯಲ್ಲಿ ಕೂರುವ ಮೊದಲು ತಮಗೆ ಏನು ಬೇಕೆಂಬುದನ್ನು ತಮ್ಮದೇ ಮಾತಿನಲ್ಲಿ ಅದರಲ್ಲಿ ಬರೆಯಬೇಕು ಎಂಬುದು ನನ್ನ ನಿಯಮವಾಗಿತ್ತು. ಹೆಚ್ಚಿನವರು ಇಂಗ್ಲಿಷಿನಲ್ಲಿ, ಅದೂ ಥೀಸಿಸ್ಸಿನ ಶೀರ್ಷಿಕೆಯಂತೆ ಬರೆಯುತ್ತಿದ್ದರು. ಪಿ.ಜಿ. ವಿದ್ಯಾರ್ಥಿನಿಯೊಬ್ಬರು ಮಾತ್ರ ಕನ್ನಡದಲ್ಲಿ ಒಂದೇ ಸಾಲು ಬರೆದಿದ್ದರು: “ಎಲೆ ಅಡಿಕೆ ಹಾಕುವವರಿಗೆ ಬರಬರುತ್ತಾ ಬಾಯಿ ತೆರೆಯಲು ಯಾಕೆ ಆಗುವುದಿಲ್ಲ?”

ಅವರು ಅಷ್ಟರಲ್ಲೇ ‘ಬೀಟಲ್ ನಟ್’ ಎಂದು ಟೈಪು ಮಾಡಿ, ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಆ ಎರಡು ಪದಗಳಿದ್ದ ಲೇಖನಗಳನ್ನಷ್ಟೇ ಪಡೆದು, ಇಷ್ಟೇನಾ ಎಂದು ಬೇಸರಗೊಂಡಿದ್ದರು. “ಡಾಕ್ಟ್ರೇ, ಅಡಿಕೆಗೆ ಇದರಲ್ಲಿ ಬೇರೆ ಹೆಸರಿದೆ” ಎಂದು ನಾನು ‘ಅರೆಕಾ’ ಎಂಬ ವಿಷಯಶೀರ್ಷಿಕೆಯನ್ನು ಕೊಟ್ಟಾಗ ಪಟ್ಟಿ ಬೆಳೆಯಿತು; ಅದಕ್ಕೆ ‘ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ಆ ಬಾಯಿಯ ಕಾಯಿಲೆಯ ಹೆಸರನ್ನು ಜೋಡಿಸಿದಾಗ ಅವರಿಗೆ ಬೇಕಾದವಷ್ಟೇ ಉಳಿದವು. ತಮಾಷೆಯೆಂದರೆ, ಆ ಅರೆಕಾ ಎಂಬುದು ಮಲೆಯಾಳದ ಅಡಕ್ಕದಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಲ್ಯಾಟಿನ್ ವೇಷ ತೊಟ್ಟ ಪದ, ಅಂದರೆ ನಮ್ಮ ಅಡಿಕೆಗೆ ದಾಯಾದಿ.

ವೈದ್ಯಕೀಯ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಯಂತ್ರದ ವೇಗದ ಕಥೆಯನ್ನು ಹೇಳುತ್ತಾರೆ. ನನಗೆ ಅದು ಮುಖ್ಯವಾಗಿ ಪದಗಳ ಕಥೆಯಾಗಿ ಕಾಣುತ್ತದೆ. ಯಂತ್ರ ಅದರಲ್ಲಿ ತಡವಾಗಿ ಬಂದ ಪಾತ್ರ.

ಅಮೆರಿಕದ ಸೇನೆಯ ಸರ್ಜನ್ ಜನರಲ್ ಕಚೇರಿಯ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಜಾನ್ ಶಾ ಬಿಲ್ಲಿಂಗ್ಸ್ ಎಂಬ ವೈದ್ಯರು, ರಾಬರ್ಟ್ ಫ್ಲೆಚರ್ ಅವರ ಜೊತೆಗೂಡಿ, 1879ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕವನ್ನು ಆರಂಭಿಸಿದರು. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ಲೇಖನಗಳನ್ನು ವಿಷಯವಾರು ಪಟ್ಟಿ ಮಾಡುವುದು ಅದರ ಕೆಲಸ. ಇದೇ ಬಿಲ್ಲಿಂಗ್ಸ್ ಜನಗಣತಿಯ ಅಂಕಿಅಂಶಗಳ ಕೆಲಸವನ್ನೂ ನೋಡುತ್ತಿದ್ದರು. ಆ ಎಣಿಕೆಯನ್ನು ಕೈಯಲ್ಲಿ ಮಾಡುವ ಬದಲು ಒಂದು ಯಂತ್ರ ಇರಬೇಕಲ್ಲವೇ ಎಂದು ಅವರು ಹರ್ಮನ್ ಹೊಲರಿತ್ ಎಂಬ ಯುವ ಎಂಜಿನಿಯರ್ ಮುಂದೆ ಆಡಿದ ಮಾತು, 1890ರ ಜನಗಣತಿಯಲ್ಲಿ ಬಳಕೆಯಾದ ತೂತುಕಾರ್ಡಿನ ಯಂತ್ರಕ್ಕೆ ಪ್ರೇರಣೆಯಾಯಿತು. ಹೊಲರಿತ್ ಕಟ್ಟಿದ ಕಂಪನಿ ಬೇರೆ ಕಂಪನಿಗಳೊಡನೆ ಸೇರಿಕೊಂಡು 1924ರಲ್ಲಿ ಐ.ಬಿ.ಎಂ. ಎಂಬ ಹೆಸರು ಪಡೆಯಿತು. ಗ್ರಂಥಪಾಲಕರಿಗೆ ಕಂಪ್ಯೂಟರ್ ಎಂದರೆ ಹೆದರಿಕೆ ಎಂದು ಯಾರಾದರೂ ಛೇಡಿಸಿದರೆ ನಾನು ಈ ಕಥೆಯನ್ನು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ.

ಆ ಸೇನಾ ಗ್ರಂಥಾಲಯವೇ 1956ರಲ್ಲಿ ಕಾಯಿದೆಯ ಮೂಲಕ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. ಅಷ್ಟು ಹೊತ್ತಿಗೆ ಲೇಖನಗಳ ಸಂಖ್ಯೆ ಕೈಬೆರಳಿನ ಕೆಲಸಕ್ಕೆ ಮೀರಿತ್ತು. ನಿರ್ದೇಶಕರಾಗಿದ್ದ ಫ್ರಾಂಕ್ ರೋಜರ್ಸ್ ಅವರ ಚಿಂತೆ, ಪಟ್ಟಿಯನ್ನು ಹೇಗೆ ಬೇಗ ಅಚ್ಚು ಹಾಕಿಸುವುದು ಎಂಬುದಾಗಿತ್ತು. 1960ರ ಹೊಸ ಇಂಡೆಕ್ಸ್ ಮೆಡಿಕಸ್ಸಿನಲ್ಲಿ ಒಂದೊಂದು ಉಲ್ಲೇಖವನ್ನೂ ಒಂದೊಂದು ತೂತುಕಾರ್ಡಿನ ಮೇಲೆ ಟೈಪು ಮಾಡಿ, ಯಂತ್ರದಲ್ಲಿ ವಿಂಗಡಿಸಿ, ಕ್ಯಾಮೆರಾದಿಂದ ಸಾಲುಸಾಲಾಗಿ ಫೋಟೋ ತೆಗೆದು ಪುಟ ಮಾಡುತ್ತಿದ್ದರು. 1964ರ ಜನವರಿಯಲ್ಲಿ ಹನಿವೆಲ್ 800 ಕಂಪ್ಯೂಟರಿನ ಮೇಲೆ, ಈ ಉಲ್ಲೇಖಗಳನ್ನು ಟೇಪಿನಲ್ಲಿ ಕೂಡಿಡುವ ಮೆಡ್‌ಲಾರ್ಸ್ ಎಂಬ ವ್ಯವಸ್ಥೆ ಶುರುವಾಯಿತು. ಅದೇ ವರ್ಷದ ಆಗಸ್ಟಿನಿಂದ ‘ಗ್ರೇಸ್’ ಎಂಬ ಫೋಟೋ ಜೋಡಣೆಯ ಯಂತ್ರ, ಮೊಳೆ ಜೋಡಿಸುವವರ ಹಂಗಿಲ್ಲದೆ, ಸೆಕೆಂಡಿಗೆ ಸುಮಾರು 300 ಅಕ್ಷರಗಳಂತೆ ಕಂಪ್ಯೂಟರಿನ ಟೇಪಿನಿಂದ ನೇರವಾಗಿ ಪುಟಗಳನ್ನು ಫಿಲ್ಮಿಗೆ ಇಳಿಸತೊಡಗಿತು.

ಅಂದರೆ ಕಂಪ್ಯೂಟರು ಬಂದದ್ದು ಮೊದಲಿಗೆ ಅಚ್ಚುಕೂಟದ ಆಳಾಗಿ. ಹೇಗೂ ಎಲ್ಲವೂ ಟೇಪಿನಲ್ಲಿದೆ, ಅದರಲ್ಲಿ ಬೇಕಾದ್ದನ್ನು ಹುಡುಕಿಯೂ ಕೊಡಬಹುದು ಎಂಬುದು ಎರಡನೆಯ ಉದ್ದೇಶ. ವೈದ್ಯರು ಪ್ರಶ್ನೆಯನ್ನು ಅಂಚೆಯಲ್ಲಿ ಕಳಿಸಬೇಕು, ತರಬೇತಾದವರೊಬ್ಬರು ಅದನ್ನು ವ್ಯವಸ್ಥೆಯ ಶೀರ್ಷಿಕೆಗಳಿಗೆ ಹೊಂದಿಸಬೇಕು, ಆಮೇಲೆ ಹಲವರ ಪ್ರಶ್ನೆಗಳನ್ನು ಒಟ್ಟು ಮಾಡಿ ಟೇಪನ್ನು ಮೊದಲಿಂದ ಕೊನೆಯವರೆಗೆ ಓಡಿಸಬೇಕು. ಉತ್ತರ ಕೈಸೇರಲು ವಾರಗಳೇ ಹಿಡಿಯುತ್ತಿದ್ದವು. ಟೆಲಿಟೈಪ್ ಯಂತ್ರದ ಮುಂದೆ ಕೂತು ಆಗಿಂದಾಗ್ಗೆ ಉತ್ತರ ಪಡೆಯುವ ಪ್ರಯೋಗ ನಡೆದದ್ದು 1970ರಲ್ಲಿ, ಅದೂ ಆಯ್ದ ನೂರು ಪತ್ರಿಕೆಗಳಿಗೆ ಮಾತ್ರ. ಅದು ಗೆದ್ದು 1971ರ ಅಕ್ಟೋಬರಿನಲ್ಲಿ ಮೆಡ್‌ಲೈನ್ ಆಯಿತು.

ಕಂಪ್ಯೂಟರು ಬರುವುದಕ್ಕೂ ಮೊದಲೇ, 1960ರಲ್ಲಿ, ಸುಮಾರು 4,400 ಶೀರ್ಷಿಕೆಗಳ ‘ಮೆಶ್’ ಎಂಬ ಪದಪಟ್ಟಿ ಪ್ರಕಟವಾಗಿತ್ತು. ಲೇಖಕ ಏನೇ ಪದ ಬಳಸಿರಲಿ, ಲೇಖನವನ್ನು ಓದಿದ ಸೂಚಿಕಾರರು ಅದನ್ನು ಈ ಪಟ್ಟಿಯ ಹೆಸರುಗಳಡಿ ಸೇರಿಸುತ್ತಿದ್ದರು. ಕ್ಯಾನ್ಸರ್ ಎಂಬುದು ಅಲ್ಲಿ ನಿಯೋಪ್ಲಾಸಮ್ಸ್, ಹಾರ್ಟ್ ಅಟ್ಯಾಕ್ ಎಂಬುದು ಮಯೊಕಾರ್ಡಿಯಲ್ ಇನ್‌ಫಾರ್ಕ್ಷನ್, ಕಿಡ್ನಿ ಸ್ಟೋನ್ ಎಂಬುದು ಕಿಡ್ನಿ ಕ್ಯಾಲ್ಕ್ಯುಲೈ. ನಮ್ಮ ಮಲೆನಾಡಿನ ಮಂಗನ ಕಾಯಿಲೆಗೂ ಅದರಲ್ಲಿ ಕ್ಯಾಸನೂರು ಕಾಡಿನ ಹೆಸರಿನದೇ ಸ್ಥಾನ ಇದೆ. ಈ ಪದಪಟ್ಟಿ ಪ್ರತಿವರ್ಷ ಜನವರಿ ಸಂಚಿಕೆಯ ಎರಡನೆಯ ಭಾಗವಾಗಿ ಬರುತ್ತಿತ್ತು. ನಮ್ಮ ಗ್ರಂಥಾಲಯದಲ್ಲಿ ಅದನ್ನು ತೆರೆದು ನೋಡುತ್ತಿದ್ದವನು ನಾನೊಬ್ಬನೇ ಎಂದು ಹೇಳಿದರೆ ಉತ್ಪ್ರೇಕ್ಷೆ ಅಲ್ಲ.

ನಾನು ಕೆಲಸಕ್ಕೆ ಸೇರಿದಾಗ, 1980ರ ದಶಕದ ಆರಂಭದಲ್ಲಿ, ಮೆಡ್‌ಲೈನ್ ನಮಗೆ ಓದಿ ತಿಳಿದ ಸುದ್ದಿ ಮಾತ್ರ. ನಮ್ಮಲ್ಲಿದ್ದದ್ದು ಹಡಗಿನ ಅಂಚೆಯಲ್ಲಿ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದ ಅಚ್ಚಿನ ಇಂಡೆಕ್ಸ್ ಮೆಡಿಕಸ್. ಅದರಲ್ಲಿ ಉಲ್ಲೇಖ ಸಿಕ್ಕಿದರೆ ಪತ್ರಿಕೆ ಸಿಗಬೇಕಲ್ಲ? ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯಕ್ಕೋ ವಿಜ್ಞಾನ ಲೇಖನಗಳ ಪ್ರತಿ ಒದಗಿಸುತ್ತಿದ್ದ ಇನ್ಸ್‌ಡಾಕ್‌ಗೋ ಬರೆದು ಜೆರಾಕ್ಸ್ ತರಿಸಿಕೊಳ್ಳಬೇಕು, ಇಲ್ಲವೇ ಲೇಖಕರಿಗೇ ರೀಪ್ರಿಂಟ್ ಕೋರಿ ಕಾರ್ಡು ಹಾಕಬೇಕು. ಕಾಲೇಜಿನ ವಿಳಾಸ ಅಚ್ಚಾಗಿದ್ದ ಆ ಕಾರ್ಡುಗಳಲ್ಲಿ ‘ಪ್ರಿಯ ಡಾಕ್ಟರ್’ ಎಂಬುದರ ಮುಂದೆ ಒಂದು ಖಾಲಿ ಗೆರೆ ಇರುತ್ತಿತ್ತು. ಹಂಗೇರಿಯಿಂದಲೋ ಜಪಾನಿನಿಂದಲೋ ದಪ್ಪ ಲಕೋಟೆ ಬಂದ ದಿನ ವಿದ್ಯಾರ್ಥಿಗಳು ಲೇಖನಕ್ಕೆ, ನಮ್ಮ ಅಟೆಂಡರು ಅಂಚೆಚೀಟಿಗೆ ಕಾಯುತ್ತಿದ್ದರು. ಮುಂದೆ 1986ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) ಮತ್ತು ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್.ಐ.ಸಿ. ಸೇರಿ ದೆಹಲಿಯಲ್ಲಿ ಮೆಡ್‌ಲಾರ್ಸ್ ಕೇಂದ್ರವನ್ನು ತೆರೆದ ಮೇಲೆ, ಪ್ರಶ್ನೆ ಕಳಿಸಿದರೆ ಉಲ್ಲೇಖಗಳ ಪಟ್ಟಿ ಬರುವಂತಾಯಿತು.

ನಮ್ಮದೇ ಪುಸ್ತಕಗಳ ಕ್ಯಾಟಲಾಗನ್ನು ಕಂಪ್ಯೂಟರಿಗೆ ಏರಿಸಿದ್ದು ಯುನೆಸ್ಕೊದ ಸಿ.ಡಿ.ಎಸ್./ಐಸಿಸ್ ತಂತ್ರಾಂಶದಲ್ಲಿ. ಅದರಲ್ಲಿ ದಾಖಲೆಗಳನ್ನು ತುಂಬಿದ ಮೇಲೆ ಹುಡುಕಾಟಕ್ಕೆ ಬೇಕಾದ ತಿರುಗುಪಟ್ಟಿಯನ್ನು, ಅಂದರೆ ಯಾವ ಪದ ಯಾವ ದಾಖಲೆಯಲ್ಲಿದೆ ಎಂಬ ಪಟ್ಟಿಯನ್ನು, ಬೇರೆಯಾಗಿ ಕಟ್ಟಬೇಕು. ಒಂದು ಶನಿವಾರ ಆ ಪಟ್ಟಿ ಕಟ್ಟಿಕೊಳ್ಳುತ್ತಿರುವಾಗಲೇ ಕರೆಂಟ್ ಹೋಯಿತು, ಯು.ಪಿ.ಎಸ್. ಇನ್ನೂ ಮಂಜೂರಾಗಿರಲಿಲ್ಲ, ಫ್ಲಾಪಿಯಲ್ಲಿದ್ದ ಪ್ರತಿ ಎರಡು ವಾರದಷ್ಟು ಹಳೆಯದಾಗಿತ್ತು. ಆ ಎರಡು ವಾರದ ಕಾರ್ಡುಗಳನ್ನು ಮತ್ತೆ ಟೈಪು ಮಾಡಿದೆವು. ಅದಕ್ಕಿಂತ ದೊಡ್ಡ ಫಜೀತಿ ನಮ್ಮ ಹೆಸರುಗಳದ್ದು. ಊರಿನ ಹೆಸರು, ತಂದೆಯ ಹೆಸರು, ಆಮೇಲೆ ತನ್ನ ಹೆಸರು ಎಂಬ ಕ್ರಮದ ವೈದ್ಯರೊಬ್ಬರು ಒಂದು ಪತ್ರಿಕೆಗೆ ಇನಿಷಿಯಲ್ ಹಾಕಿ, ಇನ್ನೊಂದಕ್ಕೆ ಬಿಡಿಸಿ ಬರೆದರೆಂದರೆ, ಲೇಖಕರ ಸೂಚಿಯಲ್ಲಿ ಅವರು ಒಮ್ಮೆ ತಾವಾಗಿಯೂ ಮತ್ತೊಮ್ಮೆ ತಮ್ಮ ತಂದೆಯಾಗಿಯೂ ಅಥವಾ ಊರಾಗಿಯೂ ಕಾಣಿಸಿಕೊಳ್ಳುತ್ತಿದ್ದರು. ಬಡ್ತಿಗೆ ಪ್ರಕಟಣೆಗಳ ಪಟ್ಟಿ ಕೊಡಬೇಕಾಗಿದ್ದ ಪ್ರಾಧ್ಯಾಪಕರೊಬ್ಬರ ಲೇಖನಗಳನ್ನು ನಾನು ಮೂರು ಅಕ್ಷರಗಳಡಿ ಹುಡುಕಿ ಒಟ್ಟು ಮಾಡಿದ್ದುಂಟು.

ಆ ನೋಟ್‌ಬುಕ್ಕಿನ ಹಿಂದೆ ಒಂದು ಓದು ಇತ್ತು. ಎಫ್. ಡಬ್ಲ್ಯು. ಲ್ಯಾಂಕಾಸ್ಟರ್ ಎಂಬವರು ಸುಮಾರು 300 ನಿಜವಾದ ಹುಡುಕಾಟಗಳನ್ನು ಇಟ್ಟುಕೊಂಡು ಮೆಡ್‌ಲಾರ್ಸನ್ನು ಪರೀಕ್ಷಿಸಿ 1968ರಲ್ಲಿ ವರದಿ ಕೊಟ್ಟರು. ಸಿಗಬೇಕಾಗಿದ್ದ ಲೇಖನಗಳಲ್ಲಿ ಸಿಕ್ಕಿದ್ದು ಸರಾಸರಿ ಶೇ. 57.7, ಸಿಕ್ಕವುಗಳಲ್ಲಿ ಉಪಯೋಗಕ್ಕೆ ಬಂದದ್ದು ಶೇ. 50.4. ನನಗೆ ಚುಚ್ಚಿದ್ದು ಈ ಅಂಕಿಗಳಲ್ಲ. ತಮಗೆ ಬೇಕಾದ್ದನ್ನು ತಮ್ಮದೇ ಮಾತಿನಲ್ಲಿ ಬರೆದು ಅಂಚೆಗೆ ಹಾಕಿದವರಿಗೆ ಸಿಕ್ಕ ಫಲ, ಗ್ರಂಥಪಾಲಕರ ಜೊತೆ ಕೂತು ಪ್ರಶ್ನೆಯನ್ನು ಸಿದ್ಧಪಡಿಸಿದವರಿಗಿಂತ ಕಡಿಮೆಯಾಗಿರಲಿಲ್ಲ. ಎದುರಿಗೆ ಕೂತು ಮಾತಾಡುವಾಗ ಪ್ರಶ್ನೆ ಕೇಳುಗನದಾಗಿ ಉಳಿಯದೆ ವ್ಯವಸ್ಥೆಯ ಪದಗಳ ಅಚ್ಚಿಗೆ ಬೇಗನೆ ಬಿದ್ದುಬಿಡುತ್ತಿತ್ತು. ನಾನೂ ಅದನ್ನೇ ಮಾಡುತ್ತಿದ್ದೆ. ವಿದ್ಯಾರ್ಥಿ ಬಾಯಿ ತೆರೆಯುವ ಮೊದಲೇ ನನ್ನ ತಲೆಯಲ್ಲಿ ಮೆಶ್ ಶೀರ್ಷಿಕೆ ಸಿದ್ಧವಾಗಿರುತ್ತಿತ್ತು. ಆ ಚಟಕ್ಕೆ ಹಾಕಿಕೊಂಡ ಕಡಿವಾಣ ಆ ನೋಟ್‌ಬುಕ್. ಬಾಯಿ ತೆರೆಯಲಾಗದವರ ಬಗ್ಗೆ ಬರೆದಿದ್ದ ವಿದ್ಯಾರ್ಥಿನಿ ಕಾಯಿಲೆಯ ಹೆಸರನ್ನಷ್ಟೇ ಹೇಳಿದ್ದರೆ, ನಾನು ಅಡಿಕೆಯನ್ನು ಸೇರಿಸದೆ ಆ ಕಾಯಿಲೆಯ ಎಲ್ಲ ಲೇಖನಗಳ ರಾಶಿಯನ್ನು ಮುದ್ರಿಸಿ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆನೋ ಏನೋ.

1997ರಲ್ಲಿ, ಮೆಡ್‌ಲೈನನ್ನು ಇಂಟರ್ನೆಟ್ಟಿನಲ್ಲಿ ಹುಡುಕುವ ಪಬ್‌ಮೆಡ್ ಎಲ್ಲರಿಗೂ ಉಚಿತವಾಯಿತು. ಇಂಡೆಕ್ಸ್ ಮೆಡಿಕಸ್ಸಿನ ಅಚ್ಚು 2004ರ ಡಿಸೆಂಬರಿಗೆ ನಿಂತಿತು. ನಮ್ಮ ಹಳೆಯ ಸಂಪುಟಗಳನ್ನು ತೂಕಕ್ಕೆ ಹಾಕುವ ಆದೇಶ ಬಂದಾಗ, ಲಾರಿ ಬರುವ ಮೊದಲು ಒಂದೊಂದನ್ನೂ ಕೊಡವಿ ನೋಡುತ್ತಿದ್ದೆ; ಒಳಗೆ ಬಸ್ ಟಿಕೆಟುಗಳು, ಇ.ಸಿ.ಜಿ. ಕಾಗದದ ತುಂಡುಗಳು ಸಿಕ್ಕವು. ಒಂದು ಸಂಪುಟದಲ್ಲಿ, ‘ಎಸ್’ ಅಕ್ಷರದ ಪುಟದ ಅಂಚಿನಲ್ಲಿ, ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: “ಕಲ್ಲು ಇಲ್ಲಿಲ್ಲ, ‘ಕೆ’ ನೋಡು.” ಅದರ ಕೆಳಗೆ ಇನ್ನೊಂದು ಕೈಬರಹ: “ನೋಡಿದೆ. ಥ್ಯಾಂಕ್ಸ್ ಮಾರಾಯಾ.” ಗ್ರಂಥಾಲಯದ ಪುಸ್ತಕದಲ್ಲಿ ಗೀಚಿದವರಿಗೆ ದಂಡ ಹಾಕುತ್ತಿದ್ದ ನಾನು ಆ ಸಂಪುಟವನ್ನು ಲಾರಿಗೆ ಹಾಕಲಿಲ್ಲ.